ಎಚ್ಚರ ಪರೀಕ್ಷೆಗೆ ಹೋದ ಹಸು

ಸೋಮವಾರ ಬೆಳಿಗ್ಗೆ ಮುನಿರಾಮಪ್ಪನ ಚಪ್ಪಲಿಯನ್ನು ಸರ್ಕಾರ ಕದ್ದಿತು. ಆತ ದೇವಸ್ಥಾನದಿಂದ ಬರಿಗಾಲಲ್ಲಿ ಮನೆ ಸೇರಿದ. ಗಮನಿಸಲಿಲ್ಲ. ಆದಕಾರಣ ಅನುತ್ತೀರ್ಣನಾದ.

ಇದು ಹಿರಿಯರ ಎಚ್ಚರ ವರ್ಧನಾ ಕೋಶದ ತರಬೇತಿ. ಗಮನ ಚುರುಕಾಗಿದ್ದರೆ ವಯಸ್ಸಾದರೂ ಬುದ್ಧಿ ಮಂಕಾಗುವುದಿಲ್ಲವಂತೆ. ಸುಗಟೂರಿನ ಆಚೆಗಿನ ನಮ್ಮೂರಿಗೆ ಚೈತನ್ಯ ಎಂಬ ತರಬೇತಿ ಅಧಿಕಾರಿ ಬಂದು ಸಮುದಾಯ ಭವನದಲ್ಲಿ ಬಿಡಾರ ಹೂಡಿದರು. ಗೋಡೆಗೆ ಪ್ರಕಟಣೆ ಅಂಟಿಸಿದರು:

"ಹಿರಿಯ ನಾಗರಿಕರ ವಸ್ತುಗಳನ್ನು ಮುನ್ಸೂಚನೆ ಇಲ್ಲದೆ ತೆಗೆದುಕೊಳ್ಳಲಾಗುವುದು. ತೆಗೆಯುವಾಗಲೇ ಹಿಡಿದವರು ಉತ್ತೀರ್ಣರು, ವಸ್ತು ಅವರದೇ. ಹಿಡಿಯದವರು ಅನುತ್ತೀರ್ಣರು, ವಸ್ತು ತರಬೇತುದಾರರ ವಶ. ಇದನ್ನು ಕಳ್ಳತನ ಎಂದು ಕರೆಯತಕ್ಕದ್ದಲ್ಲ."

ತರಬೇತಿ ಚೆನ್ನಾಗಿ ನಡೆಯಿತು. ಕೋಳಿ, ಕೊಡಪಾನ, ಒಂದು ಮೂಟೆ ರಾಗಿ ಭವನ ಸೇರಿದವು. ದೂರು ಕೊಡಲು ಹೋದವರಿಗೆ ಪೇದೆ, "ಮುಂದಿನ ಸಲ ಚೆನ್ನಾಗಿ ಓದ್ಕೊಂಡು ಬರೀರಿ," ಎಂದ.

ಆಮೇಲೆ ದೊಡ್ಡಗಂಗಮ್ಮನ ಹಸು ಹೋಯಿತು.

ಒಂಟಿ ಹೆಂಗಸು. ಆ ಹಸುವಿನ ಹಾಲು ಡೈರಿಗೆ ಬಿದ್ದರೆ ಅವಳ ಒಲೆ ಹತ್ತುತ್ತಿತ್ತು. ಭವನಕ್ಕೆ ಹೋದಳು. ಹಸುವನ್ನು ಕಂಬಕ್ಕೆ ಕಟ್ಟಿದ್ದರು.

"ನನ್ನ ಹಸು ಬಿಡಪ್ಪ."

"ನೀವು ಫೇಲಮ್ಮ. ಹಸು ಬಿಚ್ಚುವಾಗ ಎಲ್ಲಿದ್ರಿ?"

"ಆ ಹಸೂಗೇ ಹುಲ್ಲು ಕುಯ್ಯಕ್ಕೆ ಹೋಗಿದ್ದೆ."

"ಗಮನ ಬೇರೆ ಕಡೆ ಇತ್ತು ಅಂತ ಬರ್ಕೊಳ್ತೀನಿ."

"ಬರ್ಕೋ. ಹಾಲು ಹೆಂಗೆ ಕರೀತೀಯೋ ನಾನೂ ನೋಡ್ತೀನಿ."

ಹಸು ಹಾಲು ಕೊಡಲಿಲ್ಲ. ಒದೆ ಕೊಟ್ಟಿತು. ಸಾಕಷ್ಟು ಒದೆಸಿಕೊಂಡ ಮೇಲೆ ಅಧಿಕಾರಿ ಊರವರನ್ನು ವಿಚಾರಿಸಿದರು. ನಮ್ಮ ಕಡೆ ಇದಕ್ಕೊಂದು ಉಪಾಯ ಉಂಟು. ಹೆಂಡತಿ ತವರಿಗೆ ಹೋದರೆ ಗಂಡ ಅವಳು ಉಟ್ಟು ಬಿಟ್ಟ ಸೀರೆ ಸುತ್ತಿಕೊಂಡು ಹಾಲು ಕರೆಯುತ್ತಾನೆ. ಹಸುವಿಗೆ ವಾಸನೆ ಸಾಕು.

ಅಧಿಕಾರಿ ಗಂಗಮ್ಮನ ಕೊಟ್ಟಿಗೆಗೆ ನುಗ್ಗಿ ಹಗ್ಗದ ಮೇಲಿದ್ದ ಸೀರೆ ಎಳೆಯುವಾಗ ಅವಳು ಕೈ ಹಿಡಿದಳು.

"ಹಿಡ್ದೆ. ಪಾಸು ತಾನೆ?"

"ಪಾಸು. ಸೀರೆ ನಿಮ್ಮದೇ."

"ಹಸು?"

"ಅದು ಹಿಂದಿನ ಪರೀಕ್ಷೆಯಮ್ಮ."

ಗಂಗಮ್ಮ ಸೀರೆಯನ್ನು ಅವರ ಹೆಗಲ ಮೇಲೆ ಎಸೆದಳು. "ತಗೊಂಡ್ಹೋಗು. ಹಾಲು ಕರೀದಿದ್ರೆ ಕೆಚ್ಚಲು ಬಾತ್ಕೊಂಡು ಮೂಕಪ್ರಾಣಿ ಸಾಯ್ತದೆ," ಎಂದಳು.

ಮರುದಿನ ಹಸು ಹಾಲು ಕೊಟ್ಟಿತು. ಸೀರೆ ಉಡುವುದರಲ್ಲೇ ಹೊತ್ತಾಗಿತ್ತು. ಬಿಚ್ಚುತ್ತ ಕೂತರೆ ಡೈರಿ ಬಾಗಿಲು ಹಾಕುತ್ತದೆ. ಅಧಿಕಾರಿ ತಲೆಯ ಮೇಲೆ ಸೆರಗು ಹೊದ್ದು ಕ್ಯಾನು ಹಿಡಿದು ಸಾಲಲ್ಲಿ ನಿಂತರು.

"ಬಾ ಗಂಗಮ್ಮಕ್ಕ," ಎಂದ ಡೈರಿ ಕಾರ್ಯದರ್ಶಿ ಏಜಾಜ್, ಹಾಲು ಅಳೆಯುತ್ತ.

"ಮೀಸೆ ಒಪ್ತದೆ ಕಣಕ್ಕ," ಎಂದ ಹಿಂದಿದ್ದ ಮುನಿರಾಮಪ್ಪ.

ಅಧಿಕಾರಿ ನಾಚಿಕೆಯಿಂದ ಸೆರಗನ್ನು ಮೀಸೆಯ ಮೇಲೆ ಎಳೆದುಕೊಂಡರು. ದಿನವೂ ಹೀಗೇ ಬಂದರು. ಬಟವಾಡೆ ದಿನ ಮಾತ್ರ ಪ್ಯಾಂಟು ಹಾಕಿಕೊಂಡು ಬಂದರು.

"ನನ್ನ ಹಾಲಿನ ದುಡ್ಡು ಕೊಡ್ರೀ."

"ನಿಮ್ಮ ಹಾಲಾ ಸಾರ್? ನೀವು ಯಾವತ್ತು ಬಂದಿದ್ರಿ?"

"ದಿನಾ ಬಂದಿದ್ದೀನಲ್ರೀ, ಸೀರೆ ಉಟ್ಕೊಂಡು!"

"ಅದು ಗಂಗಮ್ಮಕ್ಕ. ದುಡ್ಡು ಅವರಿಗೆ ಹೋಯ್ತು. ದಿನಾ ಹೆಸರು ಹಿಡಿದು ಕರೆದಿದ್ದೀನಿ ಸಾರ್, ಊರೆಲ್ಲ ಕೇಳಿದೆ. ನೀವು ಗಮನಿಸ್ಲಿಲ್ವಾ?"

ಅಧಿಕಾರಿ ನಿಯಮಕ್ಕೆ ಬದ್ಧರು. ತಾವು ಅನುತ್ತೀರ್ಣರೆಂದು ಅಲ್ಲೇ ಒಪ್ಪಿಕೊಂಡು, ಮರುಪರೀಕ್ಷೆ ಕೋರಿ ಕೋಶದ ಕೇಂದ್ರ ಕಚೇರಿಗೆ ಬರೆದರು. ಉತ್ತರ ಬಂತು:

"ಮರುಪರೀಕ್ಷೆಯ ಸೌಲಭ್ಯ ಅರವತ್ತು ತುಂಬಿದವರಿಗೆ ಮಾತ್ರ. ಅಲ್ಲಿಯವರೆಗೆ ಹಸು, ಸೀರೆ ಮತ್ತು ಹಾಲಿನ ವಿಷಯದಲ್ಲಿ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು."

ಕಾಯ್ದುಕೊಂಡಿದ್ದಾರೆ. ಹುಲ್ಲು ಹಾಕುವವರು ಅವರೇ, ಸಗಣಿ ಬಾಚುವವರೂ ಅವರೇ. ಹಾಲು ಗಂಗಮ್ಮನ ಹೆಸರಿಗೆ ಬೀಳುತ್ತದೆ.

ಚೈತನ್ಯ ಅವರಿಗೆ ಈಗ ಮೂವತ್ತನಾಲ್ಕು.