ಅವ್ವನ ಅಯಸ್ಕಾಂತ ಮತ್ತು ಡ್ಯೂಪ್ಲೆಕ್ಸ್ ಫ್ಲೇಂಜು

ಮನುಷ್ಯ ಎಷ್ಟೇ ಓದಿರಲಿ, ಕೈಗೆ ಹತ್ತಿದ ಚಾಳಿ ಬಿಡುವುದಿಲ್ಲ. ಪಾತ್ರೆ ಅಂಗಡಿಯ ಮುಂದೆ ಹಾದರೆ ಸಾಕು, ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ದುಡ್ಡು ತೆಗೆಯಲಿಕ್ಕಲ್ಲ, ಅಯಸ್ಕಾಂತ ತೆಗೆಯಲಿಕ್ಕೆ! ಈ ಚಾಳಿ ಹತ್ತಿಸಿದವಳು ನಮ್ಮವ್ವ. ನಮ್ಮೂರು ಮತ್ತೋಡಿನಿಂದ ಹೊಸದುರ್ಗಕ್ಕೆ ಪಾತ್ರೆ ಕೊಳ್ಳಲು ಬಸ್ಸು ಹತ್ತುವಾಗ, ಕೆಟ್ಟ ರೇಡಿಯೊದಿಂದ ಬಿಚ್ಚಿಸಿಕೊಂಡ ಅಯಸ್ಕಾಂತದ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಹೊರಡುತ್ತಿದ್ದಳು. ಅಸಲಿ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, ಅಂಟಿದರೆ ಅದು ತಗಡು. ಇಷ್ಟೇ ಅವಳ ಲೋಹಶಾಸ್ತ್ರ. ಅಂಗಡಿಯವನು "ಒಳ್ಳೆ ಮಾಲು ಐತೆ, ಕುಂತ್ಕಳ್ರಿ ಅಮ್ಮ" ಅನ್ನುವಷ್ಟರಲ್ಲಿ ಸೆರಗು ತಂಬಿಗೆಗೆ ಕಚ್ಚಿಕೊಂಡು ನೇತಾಡುತ್ತಿತ್ತು. "ಏನಪ್ಪ, ಹಳ್ಳಿಯೋರು ಅಂತ ಟೋಪಿ ಹಾಕ್ತೀಯ?" ತಂಗಿಯ ಮನೆ ಗೃಹಪ್ರವೇಶದಲ್ಲಿ ಯಾರೋ ಉಡುಗೊರೆ ಕೊಟ್ಟ ಕೊಳಗಕ್ಕೂ, ಕೊಟ್ಟವರ ಎದುರಿಗೇ, ಸೆರಗು ಮುಟ್ಟಿಸಿ ನೋಡಿದ ಮಹಾತಾಯಿ! ಅವತ್ತು ನಾಚಿಕೆಯಿಂದ ಕಂಬದ ಹಿಂದೆ ನಿಂತಿದ್ದೆ. ಇವತ್ತು ಆ ಸೆರಗು ನೆನೆದರೆ ಕಣ್ಣು ತುಂಬುತ್ತದೆ. ಅವಳು ಹೋದ ಮೇಲೆ ಆ ಚೂರು ನನ್ನ ಜೇಬಿಗೆ ಬಂತು.

ಈಗ ಹಿರಿಯೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಸಾಮಾನು ಆರಿಸಿ ತರಿಸುವ ಕೆಲಸ ನನ್ನದು. ನಮ್ಮ ಬೋರಿನ ನೀರು ಹಾಕಿದರೆ ಸಾರಿಗೆ ಉಪ್ಪು ಬೇಡ. ಅದನ್ನು ಶುದ್ಧ ಮಾಡಿದ ಮೇಲೆ ಉಳಿಯುವ ಕಡು ಉಪ್ಪುನೀರಿಗೆ ಬೇರೆಯದೇ ಪೈಪ್‌ಲೈನು. ಅಲ್ಲಿ ಪೈಪಿಗೆ ಪೈಪನ್ನು ಬೋಲ್ಟು ಬಿಗಿದು ಕೂಡಿಸುವ ಫ್ಲೇಂಜುಗಳಿವೆ. ನಡುವೆ ತೂತಿರುವ ದಪ್ಪ ಬಿಲ್ಲೆ ಅಂದುಕೊಳ್ಳಿ. ನಾನೇ ಆರಿಸಿದ್ದ ಸ್ಟೇನ್‌ಲೆಸ್ ಫ್ಲೇಂಜುಗಳು ಸೂಜಿ ಚುಚ್ಚಿದಂತೆ ತೂತು ಬಿದ್ದು ಸೋರತೊಡಗಿದವು. "ಇನ್ನೊಂದ್ಸಲ ಸೋರಿದ್ರೆ ನೀವು ಮನೇಲೇ ಇರ್ರಿ" ಅಂದರು ಮ್ಯಾನೇಜರು. ಮತ್ತೆ ಸ್ಟೇನ್‌ಲೆಸ್ಸೋ, ದುಬಾರಿ ಡ್ಯೂಪ್ಲೆಕ್ಸೋ? ಉಪ್ಪಿಗೆ ಜಗ್ಗದ ಸ್ಟೀಲು ಡ್ಯೂಪ್ಲೆಕ್ಸ್ ಎಂದು ಓದಿದ್ದೆ. ಅದರ ಒಳಗಿನ ರಚನೆಯೇ ಹಾಗಿದ್ದು, ಅಯಸ್ಕಾಂತ ಅಂಟಿಯೇ ಅಂಟುತ್ತದೆ ಅಂತಲೂ ಓದಿದ್ದೆ.

ಚಿತ್ರದುರ್ಗದ ವ್ಯಾಪಾರಿಯೊಬ್ಬ ಡ್ಯೂಪ್ಲೆಕ್ಸಿನ ಮಾದರಿ ತಂದು ಮೇಜಿನ ಮೇಲಿಟ್ಟ. ಕೈ ಕೇಳಬೇಕಲ್ಲ! ಅಯಸ್ಕಾಂತ ಟಕ್ಕನೆ ಕಚ್ಚಿತು.

"ಏನಪ್ಪ, ತಗಡು ತಂದೀಯ?" ಬಾಯಿ ನನ್ನದು, ಮಾತು ಅವ್ವನದು.

"ಡ್ಯೂಪ್ಲೆಕ್ಸ್ ಸಾರ್, ಅಂಟದಿದ್ರೇ ಅನುಮಾನ ಪಡ್ಬೇಕು. ನಿಮಗೆ ಗೊತ್ತಿಲ್ದಿರೋದು ಏನೈತ್ರಿ?"

"ಗೊತ್ತೈತಪ್ಪ" ಅಂದೆ. ಗೊತ್ತಿದ್ದೂ ಸಹಿ ಹಾಕಲು ಮನಸ್ಸು ಬರಲೊಲ್ಲದು. ಮಧ್ಯಾಹ್ನವೆಲ್ಲ ಆ ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತ ಕುಂತೆ. ವ್ಯಾಪಾರಿ ಎರಡು ಸಲ ಟೀ ಕುಡಿದು ಆಕಳಿಸಿದ. ಕೊನೆಗೆ ಮನಸ್ಸಿನಲ್ಲೇ ಅವ್ವನಿಗೆ ಕೈಮುಗಿದು, ಡ್ಯೂಪ್ಲೆಕ್ಸಿಗೇ ಸಹಿ ಹಾಕಿದೆ.

ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು, ಒಂದು ಹನಿ ಸೋರಲಿಲ್ಲ. ನೌಕರಿ ಉಳಿಯಿತು. ಮ್ಯಾನೇಜರು ಎಲ್ಲರೆದುರು ಬೆನ್ನು ತಟ್ಟಿದಾಗ, ಇದನ್ನು ನೋಡಲು ಅವ್ವ ಇರಬೇಕಿತ್ತು ಅನ್ನಿಸಿತು. ಇದ್ದಿದ್ದರೆ ಏನಾಗುತ್ತಿತ್ತು ಅಂತಲೂ ಗೊತ್ತು. ನನ್ನನ್ನು ಪಕ್ಕಕ್ಕೆ ಎಳೆದು, "ಲೇ, ಅಂಟ್ಕಂತೈತಲ್ಲೋ, ವಾಪಸ್ ಕೊಟ್ಟು ಬಾ" ಅನ್ನುತ್ತಿದ್ದಳು. ಇಷ್ಟೆಲ್ಲ ಓದಿದ ನಾನು, ಒಂದು ಹನಿಯೂ ಸೋರದ ಆ ಫ್ಲೇಂಜುಗಳನ್ನು ಬಿಚ್ಚಿಸಿ, ಕೊಟ್ಟು ಬರುತ್ತಿದ್ದೆ.