ಕಡ್ಲಿಕಾಳಿನಷ್ಟು ಬಂಗಾರ

ಬಂಗಾರ ಹುಡುಕುವವರ ಬೆನ್ನು ಹತ್ತಿದರೆ ಬಂಗಾರ ಸಿಗುತ್ತದೆಂಬ ಭರವಸೆ ಇಲ್ಲ. ನಗು ಮಾತ್ರ ಸಿಕ್ಕೇ ಸಿಗುತ್ತದೆ, ಅದೂ ಹೋದ ಹೋದಲ್ಲೆಲ್ಲ. ಹೋದ ವರ್ಷ ದೀಪಾವಳಿಯಿಂದ ಯುಗಾದಿಯ ತನಕ ನಾನೂ ಹಾಗೆ ಒಬ್ಬರ ಬೆನ್ನು ಹತ್ತಿದ್ದೆ.

ಶಹಾಪುರದಲ್ಲಿ ನನ್ನದೊಂದು ಮೋಟಾರು ರಿವೈಂಡಿಂಗ್ ಅಂಗಡಿ. ನಮ್ಮ ಓಣಿಯಲ್ಲೇ ಒಬ್ಬ ನಿವೃತ್ತ ಲೈನ್‌ಮನ್ ಇದ್ದಾರೆ. ನಾನು ಅವರಿಗೆ ಕಾಕಾ ಅನ್ನುತ್ತೇನೆ, ಅವರ ಹೆಂಡತಿಗೆ ಕಾಕು. ನೌಕರಿಯಲ್ಲಿದ್ದಾಗ ಕರೆಂಟು ಹೋದರೆ ಸಾಕು, ಅರ್ಧ ಊರು ಕಾಕಾನ ಹೆಸರು ಹಿಡಿದು ಕೂಗುತ್ತಿತ್ತು. ನಿವೃತ್ತಿಯಾದ ಮರುದಿನದಿಂದ ಒಂದು ಫೋನೂ ಬರಲಿಲ್ಲ. ಪಾಪ, ಕರೆಂಟು ಹೋದಾಗೆಲ್ಲ ಫೋನನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತಿರುತ್ತಿದ್ದರು.

ಅದೇ ಫೋನಿನಲ್ಲಿ ಒಂದು ದಿನ ಅವರು ಪರದೇಶದ ಮುದುಕರನ್ನು ಕಂಡರು. ದೊಡ್ಡ ಹ್ಯಾಟು ಹಾಕಿಕೊಂಡು, ಮೆಟಲ್ ಡಿಟೆಕ್ಟರ್ ಹಿಡಿದು, ಮರಳುಗಾಡಿನಲ್ಲಿ ಬಂಗಾರದ ಹರಳು ಹೆಕ್ಕುವ ಮುದುಕರು. ಎಂಟು ದಿನದಲ್ಲಿ ಕಾಕಾನ ಮನೆಗೂ ಒಂದು ಮಷೀನು ಬಂತು. ಉದ್ದನೆಯ ಕೋಲು, ತುದಿಗೆ ರೊಟ್ಟಿ ಹಂಚಿನಷ್ಟು ಅಗಲದ ಬಿಲ್ಲೆ.

“ಹೊಳಿ ಆಚೆ ಬಂಗಾರದ ಗಣಿ ಐತಿ. ಹೊಳಿ ಈಚೆ ಯಾಕಿರಬಾರದು? ಭೂಮಿ ಒಳಗಿನ ಬಂಗಾರಕ್ಕ ಹೊಳಿ ಕಾಣತೈತೇನು?” ಅಂದರು ಕಾಕಾ. “ಆ ಮರಳುಗಾಡಿಗೂ ನಮ್ಮ ಸುರಪುರದ ಗುಡ್ಡಕ್ಕೂ ಏನು ಫರಕು? ಬಿಸಿಲು ಅಷ್ಟೇ, ಕಲ್ಲು ಅಷ್ಟೇ.”

ಕಾಕು ಹೊಸ್ತಿಲ ಮೇಲೆ ಅಡ್ಡ ನಿಂತರು. “ಕಡ್ಲಿಕಾಳಿನಷ್ಟು ಬಂಗಾರ ತಂದು ತೋರಿಸಿದ ದಿನ ಈ ಮಷೀನು ಮನಿ ಒಳಗ ಬರಲಿ. ಯುಗಾದಿತನಕ ನೋಡ್ತೀನಿ. ಸಿಗಲಿಲ್ಲಂದ್ರ ಗುಜರಿಯವಗ ಕೊಡಾಕಿ.”

ಮಷೀನು ನನ್ನ ಅಂಗಡಿಗೆ ಬಂತು. ಮಷೀನಿನ ಹಿಂದೆ ನಾನೂ ಹೋದೆ.

*ಬೂಟು*

ಮೊದಲ ದಿನ ಹೋಗಿದ್ದು ಕಕ್ಕೇರಾ ಕಡೆ, ಕಾಕುವಿನ ತಮ್ಮನ ಹೊಲಕ್ಕೆ. ಬೆಳೆ ಕೊಯ್ದು ಖಾಲಿ ಬಿದ್ದ ಕೆಂಪು ಕಲ್ಲಿನ ಭೂಮಿ. ನಿಧಿ ಅಗೆಯುವವರ ಪೈಕಿ ನಾವಲ್ಲ, ಮೇಲೆ ಬಿದ್ದ ಹರಳು ಹುಡುಕುವವರು ಎಂದು ಕಾಕಾ ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದರು.

ಮಷೀನು ಚಾಲು ಮಾಡಿದ್ದೇ ತಡ, ಕುಂಯ್ ಅಂತು. ಕಾಕಾನ ಕಣ್ಣು ಮಿಂಚಿದವು. ಹಾರೆ ಹಾಕಿ ಮೊಣಕಾಲುದ್ದ ಅಗೆದೆವು. ಏನೂ ಇಲ್ಲ. ನಾಲ್ಕು ಹೆಜ್ಜೆ ಮುಂದೆ ಹೋದರೆ ಅಲ್ಲೂ ಕುಂಯ್. ಅಲ್ಲೂ ಅಗೆದೆವು. ಮಧ್ಯಾಹ್ನದೊಳಗೆ ಆರು ತಗ್ಗು ತೆಗೆದು, ಬುತ್ತಿ ಬಿಚ್ಚುವ ಶಕ್ತಿಯೂ ಉಳಿಯದೆ ಕುಳಿತೆವು. ಕಾಕಾ ಕಾಲು ಚಾಚಿದರು. ಪಕ್ಕದಲ್ಲಿ ಮಲಗಿಸಿದ್ದ ಮಷೀನು ಮತ್ತೆ ಕುಂಯ್ ಅಂತು.

ಕಾಕಾ ಹಾಕಿಕೊಂಡಿದ್ದು ನೌಕರಿ ಕಾಲದ ಬೂಟು. ಕಂಬ ಹತ್ತಿ ಹತ್ತಿ ಅಟ್ಟೆ ಸವೆದು, ಮೋಚಿ ಹತ್ತು ಸಲ ಮೊಳೆ ಹೊಡೆದಿದ್ದ ಬೂಟು. ಬಿಲ್ಲೆ ಕಾಲಿನ ಹತ್ತಿರ ಬಂದಾಗೆಲ್ಲ ಮಷೀನು ಆ ಮೊಳೆಗಳಿಗೇ ಕೂಗುತ್ತಿತ್ತು.

ಕಾಕಾ ನಾಚಿ ಬೂಟು ಬಿಚ್ಚಲು ಕೈ ಹಾಕಿದರು. ಅಷ್ಟರಲ್ಲಿ ಕಾಕುವಿನ ತಮ್ಮ ಎರಡೂ ಕಂಕುಳಲ್ಲಿ ನಿಂಬೆ ಸಸಿ ಹಿಡಿದುಕೊಂಡು ಓಡಿ ಬಂದ.

“ಬೂಟು ಕಳೀಬ್ಯಾಡ್ರಿ ಮಾವಾರ! ಇನ್ನೂ ಎಂಟು ಸಸಿ ಅದಾವ.”

*ಭೂಮಿತಾಯಿಯ ಪಾಲು*

ಎರಡನೇ ಸಲ ಅದೇ ಹೊಲಕ್ಕೆ ಕಾಕಾ ಟಯರ್ ಚಪ್ಪಲಿ ಹಾಕಿಕೊಂಡು ಬಂದರು. ಪಕ್ಕದ ಹೊಲದ ಅಜ್ಜ ಬದುವಿನ ಮೇಲೆ ಕುಳಿತು ನಮ್ಮನ್ನೇ ನೋಡುತ್ತಿದ್ದ. ಎದ್ದು ಬಂದು ತಕರಾರು ತೆಗೆದ.

“ಹೋದ ಸಲ ಭೂಮಿತಾಯಿನ ಕೇಳದ ಹಾರಿ ಹಾಕೀರಿ. ಹಂಗ ಸಿಗತೈತೇನ್ರಿ? ತಾಯಿ ಪಾಲು ಮೊದಲ ಕೊಡಬೇಕು.”

ಮಾತು ಬರೋಬ್ಬರಿ ಅನ್ನಿಸಿತು. ಕಾಯಿ ಒಡೆಸಿದೆವು. ಎಲೆ, ಅಡಿಕೆ, ಅರಿಶಿನ, ಕುಂಕುಮ ಆಯಿತು. ಅಜ್ಜ ಮಂತ್ರದಂತೆ ಏನೋ ಗೊಣಗುತ್ತ ಹೊಲದಲ್ಲಿ ಅಲ್ಲಲ್ಲಿ ನಮ್ಮದೊಂದೊಂದು ನಾಣ್ಯ ಇಟ್ಟು ಮಣ್ಣು ಮುಚ್ಚಿದ. ಎಲ್ಲೆಲ್ಲಿ ಮುಚ್ಚಿದ ಎಂದು ನಾವು ನೋಡಲಿಲ್ಲ. ಕಣ್ಣು ಮುಚ್ಚಿ ಕೈ ಮುಗಿದಿದ್ದೆವು.

ಆಮೇಲೆ ಮಷೀನು ಕೂಗಿತು. ಅಗೆದರೆ ನಾಣ್ಯ. ಅಜ್ಜ ಎದೆಗೆ ಕೈ ಹಚ್ಚಿಕೊಂಡ. “ಅಯ್ಯಯ್ಯ! ತಾಯಿಗೆ ಕೊಟ್ಟದ್ದು ಕಸಗೊಂಡ್ರಿ! ತಪ್ಪು ಕಾಣಿಕಿ ಅಂತ ಇದರ ಜೋಡಿ ಇನ್ನೊಂದು ಇಡ್ರಿ.”

ಇಟ್ಟೆವು. ಮುಚ್ಚಿದೆವು. ಬಿಸಿಲಿನಲ್ಲಿ ತಿರುಗಿ ತಿರುಗಿ ದಿಕ್ಕು ತಪ್ಪಿ ಅಲ್ಲಿಗೇ ಮತ್ತೆ ಬಂದೆವು. ಮಷೀನು ಮೊದಲಿಗಿಂತ ಜೋರಾಗಿ ಕೂಗಿತು, ನಾವು ಮೊದಲಿಗಿಂತ ಹುರುಪಿನಿಂದ ಅಗೆದೆವು. ಮತ್ತೆ ತಪ್ಪು ಕಾಣಿಕೆ. ಹೊತ್ತು ಇಳಿಯುವಾಗ ಕಾಕಾನ ಕಿಸೆಯಲ್ಲಿದ್ದ ಚಿಲ್ಲರೆಯೂ ನನ್ನ ಕಿಸೆಯಲ್ಲಿದ್ದ ಚಿಲ್ಲರೆಯೂ ಭೂಮಿತಾಯಿಯ ಹೊಟ್ಟೆಯಲ್ಲಿತ್ತು.

ಅಜ್ಜ ಸಮಾಧಾನದಿಂದ ಬೀಡಿ ಹಚ್ಚಿದ. “ನಿರಾಶಿ ಆಗಬ್ಯಾಡ್ರಿ. ನೀವು ಹಿಂಗ ಇನ್ನೊಂದು ಎಂಟು ದಿನ ಬಂದ್ರಿ ಅಂದ್ರ ಈ ಹೊಲದಾಗ ಖರೇನ ನಿಧಿ ಆಗತೈತಿ.”

*ಚೀಟಿ*

ಸುರಪುರದ ಬಸ್ ನಿಲ್ದಾಣದ ಹೊರಗೆ ಬೇವಿನ ಗಿಡದ ಕಟ್ಟೆ. ಶಹಾಪುರದ ಬಸ್ಸಿಗೆ ಕಾಯುತ್ತ ಕುಳಿತಿದ್ದೆವು. ಪಕ್ಕದಲ್ಲಿದ್ದ ಒಬ್ಬ ಮುದುಕಿ ಬಹಳ ಹೊತ್ತು ಮಷೀನನ್ನೇ ನೋಡಿ ಕೇಳಿದಳು.

“ಏನಪಾ ಇದು?”

“ಮಣ್ಣಾಗ ಹುಗದ ಲೋಹ ಹುಡುಕತೈತಿ ಯವ್ವಾ,” ಅಂದರು ಕಾಕಾ.

“ಮಂದಿ ಮೈಯಾಗ ಹುಗದದ್ದೂ ಹುಡುಕತೈತೇನು?”

ಮುದುಕಿಯ ಹಕೀಕತ್ತು ಇಷ್ಟು. ಯಾದಗಿರಿಯಲ್ಲಿ ಅವಳ ತೊಡೆಗೆ ಆಪರೇಷನ್ ಆಗಿತ್ತು. ಡಾಕ್ಟರು ರಾಡು ಹಾಕಿದ್ದೇನೆ ಅಂದಿದ್ದರು. ಎಕ್ಸ್‌ರೇ ಹಾಳೆ ಮನೆ ಸೋರಿ ನೀರುಪಾಲಾಗಿತ್ತು. ಈಗ ಅವಳು ಕಾಲು ನೋವು ಅಂದರೆ ಸಾಕು, ಸೊಸೆ, “ರಾಡೂ ಇಲ್ಲ ಏನೂ ಇಲ್ಲ, ಕೆಲಸಗಳ್ಳತನ” ಅನ್ನುತ್ತಿದ್ದಳಂತೆ. ಸೊಸೆ ಅಂದದ್ದನ್ನೇ ಕೇಳಿ ಕೇಳಿ ಮುದುಕಿಗೂ ಈಗ ಅನುಮಾನ ಹತ್ತಿತ್ತು.

ಕಾಕಾ ಎದ್ದು, ಮಷೀನು ಚಾಲು ಮಾಡಿ, ಸೀರೆಯ ಮೇಲಿಂದ ಒಂದು ಗೇಣು ದೂರದಲ್ಲಿ ಮರ್ಯಾದೆಯಿಂದ ಬಿಲ್ಲೆ ಹಿಡಿದರು. ಎಡಗಾಲಿಗೆ ಮಷೀನು ಸುಮ್ಮನಿತ್ತು. ಬಲಗಾಲಿಗೆ ಬಂದದ್ದೇ ಕುಂಯ್ಯೋ ಅಂತು.

“ಹಾಕ್ಯಾನ! ಖರೇನ ಹಾಕ್ಯಾನ ನನ್ನಪ್ಪ!” ಮುದುಕಿ ಅಲ್ಲಿಂದಲೇ ಡಾಕ್ಟರಿಗೆ ಕೈ ಮುಗಿದಳು. ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಯಾರೂ ನಂಬದ ನೋವನ್ನು ಒಂದು ಕೋಲು ನಂಬಿತ್ತು.

ಆಮೇಲೆ ಮುದುಕಿ ಪಟ್ಟು ಹಿಡಿದಳು. “ಬಾಯಿಮಾತಿಗೆ ನನ್ನ ಸೊಸಿ ಜಗ್ಗೂದಿಲ್ಲ. ಒಂದು ಚೀಟಿ ಬರದು ಕೊಡಪಾ.”

ಕಾಕಾ ಹಳೆಯ ಬಸ್ ಟಿಕೆಟು ತೆಗೆದು, ಅದರ ಹಿಂದೆ ದುಂಡಗೆ ಬರೆದರು: “ಬಲಗಾಲು ಪರೀಕ್ಷಿಸಲಾಗಿದೆ. ರಾಡು ಇದೆ. ಲೈನ್ ಸರಿ ಇದೆ. ಸಹಿ, ನಿವೃತ್ತ ಲೈನ್‌ಮನ್.”

*ಕಾಯಿ*

ಶಿವರಾತ್ರಿಯೂ ಹೋಯಿತು, ಬಂಗಾರದ ಸುಳಿವಿಲ್ಲ. ಒಂದು ದಿನ ಗುಡ್ಡದ ಓರೆಯಲ್ಲಿ ಕಾಕಾಗೆ ಹಳದಿ ಮಿಂಚುವ ಒಂದು ಕಲ್ಲು ಕಂಡಿತು. ಮಷೀನು ಪಿಟ್ ಎನ್ನಲಿಲ್ಲ. ಆದರೂ ಕಾಕಾ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಸುರಪುರದ ಪತ್ತಾರನ ಅಂಗಡಿಗೆ ಹೋದರು. ಬಂಗಾರ ತಿಕ್ಕಿ ನೋಡಿ ನೋಡಿ ಆ ಪತ್ತಾರನ ತಲೆ ನರೆತಿತ್ತು. ಕಲ್ಲನ್ನು ನೋಡಿದ. ಕಾಕಾನ ಮುಖವನ್ನೂ ನೋಡಿದ. ಇಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ.

“ಜಾತಿ ಚಲೋ ಐತ್ರಿ ಯಜಮಾನ್ರ. ಆದ್ರ ಇನ್ನೂ ಕಾಯಿ ಐತಿ. ಹಣ್ಣಾಗಿಲ್ಲ.”

“ಯಾವಾಗ ಹಣ್ಣಾಗತೈತಿ?”

“ಇನ್ನೊಂದು ಲಕ್ಷ ವರ್ಷ ತಡೀರಿ.”

ಮನೆಗೆ ಬಂದು ಕಾಕಾ ಹೊರಗೆ ನಿಂತೇ ಕಲ್ಲು ತೋರಿಸಿದರು. “ಪತ್ತಾರ ಕಾಯಿ ಐತಿ ಅಂದ.”

ಕಾಕು ಕಲ್ಲನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು. “ಹಂಗಾರ ಉಪ್ಪು ಖಾರ ತರ್ರಿ. ಭರಣ್ಯಾಗ ಹಾಕಿಡೂಣು.”

*ಗುಡ್ಡದ ಬಂಗಾರ*

ಯುಗಾದಿಗೆ ಮೂರು ದಿನ ಉಳಿದಿದ್ದವು. ಗುಜರಿಯವನು ಓಣಿಗೆ ಬಂದಾಗೆಲ್ಲ ಕಾಕಾ ಅಂಗಡಿಯೊಳಗೆ ಬಂದು ಮಷೀನಿಗೆ ಅಡ್ಡ ನಿಲ್ಲುತ್ತಿದ್ದರು. ಅದು ಹೋದರೆ ತಮ್ಮನ್ನು ಕೇಳುವವರು ಮತ್ತೆ ಯಾರೂ ಇರುವುದಿಲ್ಲ ಎಂಬ ಚಿಂತೆ ಅವರ ಮುಖದ ಮೇಲೇ ಕಾಣುತ್ತಿತ್ತು.

ಅವತ್ತು ಬೆಳಿಗ್ಗೆ ಕಾಕಾ ಗುಡ್ಡಕ್ಕೆ ಒಬ್ಬರೇ ಹೊರಟರು. “ಮಷೀನು ಬ್ಯಾಡ. ಸುಮ್ಮ ಜಗಾ ನೋಡಿ ಬರ್ತೀನಿ.”

ಅವರ ಬಸ್ಸು ಹೋದ ಸ್ವಲ್ಪ ಹೊತ್ತಿಗೆ ಕಾಕು ನನ್ನ ಅಂಗಡಿಗೆ ಬಂದರು. ಅವರು ನನ್ನ ಅಂಗಡಿ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

“ತಮ್ಮಾ, ಆ ಮಷೀನು ಒಂದು ತಾಸು ಕೊಡು. ನಿಮ್ಮ ಕಾಕಾಗ ಹೇಳಬ್ಯಾಡ.”

ಹಬ್ಬ ಬಂತೆಂದು ಅವರು ತಮ್ಮ ಬೋರಮಾಳದ ಹಳೇ ದಾರ ಬಿಚ್ಚಿ, ಬಂಗಾರದ ಗುಂಡುಗಳನ್ನು ಬಟ್ಟಲಲ್ಲಿ ಹಾಕಿಟ್ಟಿದ್ದರಂತೆ. ಹೊಸ ದಾರಕ್ಕೆ ಪೋಣಿಸಲು ಕುಳಿತರೆ ಒಂದು ಗುಂಡು ಕಡಿಮೆ. ತವರುಮನೆಯವರು ಹಾಕಿದ ಸರ. ಕಾಕು ಅಳುವುದೊಂದೇ ಬಾಕಿ. ಮನೆಯೊಳಗೆ ಸುಣ್ಣದ ಗಡಿಗೆಯನ್ನೂ ಬಿಡದೆ ಹುಡುಕಿದ್ದರು. ಕಸದ ಜೊತೆ ಅಂಗಳಕ್ಕೆ ಬಿದ್ದಿರಬೇಕು ಎಂದು ಅವರ ಅಂದಾಜು. ಅಂಗಳವನ್ನೆಲ್ಲ ಜಾಲಾಡಿದೆ. ಮೊಮ್ಮಗಳು ಕಳೆದಿದ್ದ ಗೆಜ್ಜೆ ಸಿಕ್ಕಿತು, ಎರಡು ಚಮಚ ಸಿಕ್ಕವು. ಗುಂಡು ಸಿಗಲಿಲ್ಲ.

ಮರುದಿನ ಕಾಕಾ ನಸುಕಿಗೇ ಬಂದು ಎಬ್ಬಿಸಿದರು. “ನಡಿ, ಇವತ್ತು ಸಿಗತೈತಿ.”

ಗುಡ್ಡದಲ್ಲಿ ಅವರು ಎಲ್ಲೂ ಹುಡುಕದೆ ನೇರ ಒಂದು ಕಲ್ಲಿನ ಹತ್ತಿರ ಹೋದರು. ಮಷೀನು ಸುಮ್ಮನಿತ್ತು. ಪಕ್ಕದ ಕಲ್ಲಿಗೆ ಹೋದರು, ಅದರ ಪಕ್ಕದ್ದಕ್ಕೆ ಹೋದರು. ನಮ್ಮ ಗುಡ್ಡದಲ್ಲಿ ಎಲ್ಲ ಕಲ್ಲಿಗೂ ಒಂದೇ ಮುಖ. ಒಂದು ತಾಸಿನಲ್ಲಿ ಕಾಕಾ ಬೆವೆತು ನೀರಾದರು.

“ಇಲ್ಲೇ ಇಟ್ಟಿದ್ದೆ...” ಅಂದುಬಿಟ್ಟರು.

“ಏನು ಇಟ್ಟಿದ್ರಿ ಕಾಕಾ?”

“ಕಣ್ಣು. ಈ ಜಗಾದ ಮ್ಯಾಲ ಮೊದಲಿಂದಲೂ ಕಣ್ಣಿಟ್ಟಿದ್ದೆ.”

ಅಷ್ಟರಲ್ಲಿ ಮಷೀನು ಸಣ್ಣಗೆ ಕುಂಯ್ ಅಂತು. ಕಾಕಾ ಮಂಡಿಯೂರಿ ಬೆರಳಿನಿಂದಲೇ ಮಣ್ಣು ಸರಿಸಿದರು. ಮಣ್ಣು ಮೆತ್ತಿದ, ಕಡ್ಲಿಕಾಳಿನಷ್ಟು ಬಂಗಾರ! ಕಾಕಾ ಅದನ್ನು ಕಣ್ಣಿಗೆ ಒತ್ತಿಕೊಂಡು ಖರೇ ಖರೇ ಅತ್ತರು. ನಾನು ಇಸಿದುಕೊಂಡು ನೋಡಿದೆ.

“ಕಾಕಾ, ಇದಕ್ಕ ತೂತು ಐತಲ್ಲ?”

“ಮಳಿ ಹನಿ ಬಿದ್ದು ಬಿದ್ದು ಆಗಿರಬೇಕು.”

“ಆ ಕಡಿನೂ ಐತಿ.”

“ಮಳಿ ಜೋರಿತ್ತು.”

ವಾಪಸು ಬಸ್ಸು ಹತ್ತಿದೆವು. ಕಾಕು ಹೇಳಬೇಡ ಅಂದ ಗುಟ್ಟು ನನ್ನ ಹೊಟ್ಟೆಯಲ್ಲಿತ್ತು. ಕಾಕಾ ಹೇಳದ ಗುಟ್ಟು ನನ್ನ ಕಣ್ಣೆದುರಿಗೇ ಇತ್ತು. ಬುದ್ಧಿವಂತಿಕೆಯಿಂದ ತೂತಿನಲ್ಲಿ ಮಣ್ಣು ತುರುಕಿ, ಜೇಬಿನಲ್ಲಿಟ್ಟು, ಕಾಕಾ ಮಾತ್ರ ಮದುಮಗನ ಹಾಗೆ ಬಸ್ಸಿನ ಕಿಟಕಿಯ ಹತ್ತಿರ ಕುಳಿತಿದ್ದರು.

ಮನೆಯಲ್ಲಿ ಕಾಕು ಬಟ್ಟಲು ಮುಂದಿಟ್ಟುಕೊಂಡು ದಾರ ಹಿಡಿದು ಕುಳಿತಿದ್ದರು. ಕಾಕಾ ಅಂಗೈ ಚಾಚಿದರು. “ತಗೋ. ಗುಡ್ಡದಾಗ ಸಿಕ್ತು.”

ಕಾಕು ಅದನ್ನು ಎತ್ತಿಕೊಂಡರು. ಚೆಂಬಿನ ನೀರಿನಲ್ಲಿ ತೊಳೆದರು. ಮಣ್ಣು ಕರಗಿ ತೂತು ಆರಪಾರ ಕಾಣಿಸಿತು. ಬಟ್ಟಲಿನ ಗುಂಡುಗಳ ಕಡೆ ನೋಡಿದರು, ಗಂಡನ ಮುಖ ನೋಡಿದರು. ಆ ಮುಖದಲ್ಲಿ ಕಂಬ ಹತ್ತಿ ಇಡೀ ಓಣಿಗೆ ದೀಪ ಹಚ್ಚಿಸಿ ಇಳಿದು ಬರುತ್ತಿದ್ದ ಕಾಲದ ಬೆಳಕಿತ್ತು. ನಾನು ಮಷೀನು ಹಿಡಿದು ಬಾಗಿಲ ಹೊರಗೇ ನಿಂತಿದ್ದೆ. ಇವತ್ತು ಕಾಕಾನನ್ನೂ ಗುಜರಿಗೆ ಹಾಕುತ್ತಾರೆ ಅಂದುಕೊಂಡೆ.

ಕಾಕು ಆ ಗುಂಡನ್ನು ಉಳಿದವುಗಳ ನಡುವೆ ಪೋಣಿಸಿ, ಗಂಟು ಹಾಕಿ, ಸರವನ್ನು ಕೊರಳಿಗೆ ಹಾಕಿಕೊಂಡರು. ಎದ್ದು ಹೊರಗೆ ಬಂದು ಎದುರುಮನೆಯಾಕೆಗೆ ಕೇಳುವ ಹಾಗೆ ಹೇಳಿದರು, “ನಮ್ಮನಿಯವರಿಗೆ ಗುಡ್ಡದಾಗ ಬಂಗಾರ ಸಿಕ್ತು ನೋಡವ್ವಾ!” ಆಮೇಲೆ ನನ್ನ ಕಡೆ ತಿರುಗಿ, “ಮಷೀನು ಹಿಡಕೊಂಡು ಹೊರಗ್ಯಾಕ ನಿಂತಿ? ಒಳಗ ತಗೊಂಬಾ” ಅಂದರು.

ಕಾಕಾ ಹಿಗ್ಗಿ, “ನಾಳಿ ಮತ್ತ ಹೋಗತೀನಿ, ಇನ್ನೂ ಸಿಗಬಹುದು,” ಅಂದರು.

ಕಾಕು ಸೆರಗಿನಿಂದ ಸರ ಮುಚ್ಚಿಕೊಂಡರು. “ಬ್ಯಾಡ್ರಿ. ಗುಡ್ಡದಾಗಿನ ಬಂಗಾರ ಮುಗೀತು. ಉಳಿದದ್ದೆಲ್ಲಾ ನನ್ನ ಕೊಳ್ಳಾಗೈತಿ.”