ಕಾಕಾ ಮಲಗಿಸಿದ ಬಾಟಲಿ

ನಾನಿನ್ನೂ ಬದುಕಿದ್ದೇನೆ. ಎರಡು ಹೊತ್ತು ಜೋಳದ ರೊಟ್ಟಿ ತಿಂದುಕೊಂಡು ಸೊಲ್ಲಾಪುರದಲ್ಲಿ ಗಂಡನ ಮನೆಯಲ್ಲಿ ಗಟ್ಟಿಯಾಗಿಯೇ ಇದ್ದೇನೆ. ಹೀಗಿದ್ದೂ ಅಕ್ಕಲಕೋಟ ತಾಲೂಕಿನ ನನ್ನ ತವರೂರಿನ ಮತದಾರರ ಯಾದಿಯಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೀಟು ಎಳೆದ ಪುಣ್ಯಾತ್ಮರೊಬ್ಬರಿದ್ದಾರೆ. ಶತ್ರುಗಳಲ್ಲ, ನನ್ನನ್ನು ಹೆಗಲ ಮೇಲೆ ಕೂರಿಸಿ ಆಡಿಸಿದ ಸ್ವಂತ ಕಾಕಾ, ನಮ್ಮಪ್ಪನ ತಮ್ಮ! ಅದೂ ಯಾತಕ್ಕೆ ಅಂತೀರಿ? ಒಂದು ಬಾಟಲಿಯನ್ನು ಅಡ್ಡ ಮಲಗಿಸುವುದಕ್ಕೆ.

ಕಾಕಾ ಸೊಲ್ಲಾಪುರದ ಪೇಟೆಯಲ್ಲಿ ನಲವತ್ತು ವರ್ಷ ಅರಿವೆ ಅಂಗಡಿ ನಡೆಸಿದವರು. ಅಂಗಡಿ ಬಿಟ್ಟು ಊರಿಗೆ ಬರುವಾಗ ಕಬ್ಬಿಣದ ಮೀಟರ್ ಪಟ್ಟಿಯೊಂದನ್ನು ಮಾತ್ರ ಜೊತೆಗೆ ತಂದರು. ಅಳೆಯದೆ ಅವರು ಏನನ್ನೂ ನಂಬುವುದಿಲ್ಲ. ಒಮ್ಮೆ ಅವರ ಹೆಂಡತಿ, ನಮ್ಮ ಕಾಕು, ಬಡಿದ ರೊಟ್ಟಿಯ ಅಗಲ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ ಎಂದು ಪಟ್ಟಿ ಹಿಡಿದು ತೋರಿಸಿದರಂತೆ. ಆ ಮಧ್ಯಾಹ್ನ ಅವರಿಗೆ ರೊಟ್ಟಿಯೇ ಸಿಗಲಿಲ್ಲ.

ಇನ್ನೊಂದು ಚಟ ಕಾಗದದ್ದು. ಮೈಂದರ್ಗಿಯಿಂದ ಅಕ್ಕಲಕೋಟಕ್ಕೆ ಎಂದೋ ಹೋದ ಬಸ್ಸಿನ ಟಿಕೀಟು, ಮುರಿದುಹೋದ ಸಂಬಂಧಗಳ ಲಗ್ನಪತ್ರಿಕೆ, ಎಲ್ಲವೂ ಟ್ರಂಕಿನಲ್ಲಿವೆ. ಚುನಾವಣೆ ಬಂದರೆ ಓಟಿನ ಚೀಟಿ ಹಂಚುವವನಿಗಾಗಿ ಬೆಳಗಿನಿಂದಲೇ ಕಟ್ಟೆಯ ಮೇಲೆ ಕಾಯುತ್ತಾರೆ. ಮನೆಯಲ್ಲಿರುವುದು ಕಾಕಾ, ಕಾಕು ಇಬ್ಬರೇ. ಆದರೆ ಕಾಕಾ ಕೈಚಾಚಿ ಮೂರು ಚೀಟಿ ಎಣಿಸಿ ತೆಗೆದುಕೊಂಡು ಕಿಸೆಗೆ ಹಾಕುತ್ತಿದ್ದರು. ಮೂರನೆಯದು ಯಾಕೆ ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಇಂಥವರ ಊರಿನಲ್ಲಿ, ಅದೂ ಮಕ್ಕಳು ಓದುವ ಸಾಲಿಯ ಹಾದಿಯಲ್ಲಿ, ದಾರೂ ಅಂಗಡಿ ತೆರೆದರೆ ಏನಾದೀತು? ಉಳಿದವರು ಬೈದರು, ಎರಡು ದಿನ ಘೋಷಣೆ ಕೂಗಿದರು, ಮೂರನೆಯ ದಿನ ಸುಮ್ಮನಾದರು. ಕಾಕಾ ಮಾತ್ರ ಉದ್ದನೆಯ ನೋಟ್‌ಬುಕ್ಕೊಂದನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೊರಟರು. ಇದು ಸಂಶೋಧನೆ ಎಂದರು. ಯಾರು ಕುಡಿಯುತ್ತಾರೆ, ಯಾವಾಗಿನಿಂದ, ಮನೆಯ ಯಾವ ಸಾಮಾನು ಹೋಯಿತು, ಯಾವ ಮಗು ಸಾಲಿ ಬಿಟ್ಟಿತು, ಎಲ್ಲದಕ್ಕೂ ಕಾಲಂ! ವಿಚಿತ್ರವೆಂದರೆ ಕುಡಿಯುವವರು ಕೂತು ಸಮಾಧಾನದಿಂದ ಉತ್ತರ ಕೊಟ್ಟರು. ಕುಡಿಯುವುದಿಲ್ಲ ಎಂದು ಹೆಸರಾದವರು ಕಾಕಾ ಬರುತ್ತಿದ್ದಾರೆಂದರೆ ಒಳಗಿನಿಂದ ಚಿಲಕ ಹಾಕಿಕೊಂಡರು.

ಆಮೇಲೆ ಅಂತರದ ಪ್ರಶ್ನೆ ಬಂತು. ಸಾಲಿಯಿಂದ ಇಂತಿಷ್ಟು ದೂರದೊಳಗೆ ಇಂಥ ಅಂಗಡಿ ಇರಬಾರದೆಂದು ಕಾಯ್ದೆಯಿದೆ. ಕಾಕಾ ತಮ್ಮ ಮೀಟರ್ ಪಟ್ಟಿ ಹಿಡಿದು, ಸಾಲಿಯ ಗೇಟಿನಿಂದ ಬೀದಿಯುದ್ದಕ್ಕೂ ಕುಕ್ಕರುಗಾಲಲ್ಲಿ ಅಳೆಯುತ್ತ ಹೋದರು. ಮೂರು ಸಲ ಅಳೆದರೂ ಅಂಗಡಿ ಕಾಯ್ದೆಯ ಗೆರೆಯೊಳಗೇ ಬಂತು. ಊರೆಲ್ಲ ಹಿಗ್ಗಿತು, ಅರ್ಜಿ ಹೋಯಿತು. ಅಬಕಾರಿ ಕಚೇರಿಯ ಸಾಹೇಬರು ಟೇಪು ತಂದು ಅಳೆದರೆ ಅಂಗಡಿ ಗೆರೆಯಿಂದ ಆಚೆಗಿದೆ! ಇದು ಹ್ಯಾಗೆ? ಮತ್ತೊಮ್ಮೆ ಅಳೆದು ತೋರಿಸಿ ಎಂದರು ಸಾಹೇಬರು. ಕಾಕಾ ಕೂತು ಅಳೆಯತೊಡಗಿದಾಗ ಎಲ್ಲರಿಗೂ ಕಂಡಿತು. ಪಟ್ಟಿಯನ್ನು ಎತ್ತಿಡುವಾಗಲೆಲ್ಲ ಅವರ ಹೆಬ್ಬೆರಳು ತಾನಾಗಿಯೇ ಅಡ್ಡ ಬೀಳುತ್ತಿತ್ತು. ನಲವತ್ತು ವರ್ಷ ಗಿರಾಕಿಗಳಿಗೆ ಮೀಟರಿಗೊಂದು ಹೆಬ್ಬೆರಳಿನಷ್ಟು ಅರಿವೆ ಹೆಚ್ಚು ಬಿಟ್ಟ ಕೈಯದು. ಬೀದಿಗೂ ಹಾಗೆಯೇ ಬಿಡುತ್ತ ಹೋಗಿ, ಲೆಕ್ಕದಲ್ಲಿ ದೂರವನ್ನು ಕಡಿಮೆ ಮಾಡಿತ್ತು.

ಸಾಹೇಬರು ನಗು ತಡೆದುಕೊಂಡು, ಹೀಗೆ ಯಾಕೆ ಮಾಡಿದಿರಿ ಎಂದು ಕೇಳಿದರು. ಕಾಕಾ ಬೆವರು ಒರೆಸಿಕೊಂಡು, "ಹೆಬ್ಬಟ್ಟು ಬಿಡದಿದ್ರ ಗಿರಾಕಿ ಮತ್ತ ಬರ್ತಾನೇನ್ರಿ ಸಾಹೇಬ್ರ?" ಎಂದರು.

ಆ ವಾರವೆಲ್ಲ ದಾರೂ ಅಂಗಡಿಯ ಮುಂದೆ ಹೆಬ್ಬೆರಳು ತೋರಿಸಿ ನಕ್ಕವರೇ ನಕ್ಕರು. ಆದರೆ ಕಾಕಾ ಬಿಡುವ ಪೈಕಿಯೇ? ನಮ್ಮ ಮಹಾರಾಷ್ಟ್ರದಲ್ಲಿ ಇನ್ನೊಂದು ದಾರಿಯಿದೆ. ಊರಿನ ಹೆಂಗಸರೇ ಓಟು ಹಾಕಿ ದಾರೂ ಅಂಗಡಿ ಮುಚ್ಚಿಸಬಹುದು. ಓಟಿನ ಕಾಗದದಲ್ಲಿ ಎರಡು ಚಿತ್ರ, ನಿಂತ ಬಾಟಲಿ ಮತ್ತು ಅಡ್ಡ ಬಾಟಲಿ. ನಿಂತದ್ದು ಅಂಗಡಿಯ ಪರ, ಮಲಗಿದ್ದು ವಿರುದ್ಧ. ಕಾಕಾ ಮೊದಲು ಇಂಥ ಓಟು ನಡೆದು ಸೋತಿದ್ದ ಹಳ್ಳಿಯೊಂದಕ್ಕೆ ಹೋಗಿ ನಾಲ್ಕು ದಿನ ಅಭ್ಯಾಸ ಮಾಡಿ ಬಂದರು. ಬಂದವರೇ ನನಗೆ ಫೋನು ಮಾಡಿದರು.

ಆ ಹಳ್ಳಿಯಲ್ಲಿ ಓಟಿಗೆ ಬಂದವರಲ್ಲಿ ಬಹುಪಾಲು ಹೆಂಗಸರು ಬಾಟಲಿಯನ್ನು ಮಲಗಿಸಿದ್ದರು. ಆದರೂ ಬಾಟಲಿ ಬೀಳಲಿಲ್ಲ. ಯಾಕೆಂದರೆ ನಿಯಮಕ್ಕೆ ಬೇಕಾದದ್ದು ಬಂದವರಲ್ಲಿ ಅರ್ಧವಲ್ಲ, ಯಾದಿಯಲ್ಲಿರುವ ಅಷ್ಟೂ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು. ಯಾದಿಯಲ್ಲಿ ಯಾರಿರುತ್ತಾರೆ? ಲಗ್ನವಾಗಿ ಹೋದವರು, ಸತ್ತು ಸ್ವರ್ಗ ಸೇರಿದವರು, ಎಲ್ಲರೂ! "ಸತ್ತ ಮುದುಕ್ಯಾರೆಲ್ಲ ನಿಂತ ಬಾಟಲಿ ಕಡಿ ಆಗ್ಯಾರವಾ," ಎಂದರು ಕಾಕಾ. ಬಂದ ಓಟುಗಳಲ್ಲೇ ಅರ್ಧ ಎಣಿಸಿರಿ, ನಿಯಮ ಬದಲಿಸಿರಿ ಎಂದು ತಮ್ಮ ನೋಟ್‌ಬುಕ್ಕಿನ ಪ್ರತಿ ಸಮೇತ ಸೊಲ್ಲಾಪುರಕ್ಕೊಂದು, ಮುಂಬಯಿಗೊಂದು ಕಾಗದ ಹಾಕಿದರು. ಉತ್ತರ ಬಂದಿಲ್ಲ. ಪೋಸ್ಟಿನ ರಸೀದಿ ಟ್ರಂಕಿನಲ್ಲಿ ಭದ್ರವಾಗಿದೆ.

ನಿಯಮ ಬದಲಾಗುವವರೆಗೆ ಯಾದಿಯನ್ನಾದರೂ ಸ್ವಚ್ಛ ಮಾಡೋಣ ಎಂದು ಮತ್ತೆ ಮನೆಮನೆಗೆ ತಿರುಗಿದರು. ಕೆಂಪು ಪೆನ್ನು ಮೊದಲು ಹರಿದದ್ದೇ ನನ್ನ ಮೇಲೆ. ಕಾಕಾ, ನಾನು ಜೀವಂತ ಇದ್ದೇನೆ ಎಂದು ಜಗಳ ತೆಗೆದೆ. "ಜೀವಂತ ಅದಿ ಖರೇ, ಆದ್ರ ಸೊಲ್ಲಾಪುರದಾಗ ಅದಿ," ಎಂದು ಫೋನಿಟ್ಟರು. ಸತ್ತ ಅತ್ತೆಯ ಹೆಸರು ತೆಗೆಯಲು ಸೊಸೆಯರು ಕುಣಿಯುತ್ತ ಸಹಿ ಹಾಕಿದರಂತೆ. ಒಬ್ಬ ಮುದುಕಿ ಮಾತ್ರ, ಇನ್ನೂ ಬದುಕಿದ್ದವಳು, ಇವರು ತನ್ನ ಹೆಸರು ಹೊಡೆಯಲು ಬಂದರೆಂದು ಚಪ್ಪಲಿ ಎತ್ತಿದಳು. ಕಾಕಾ ಆಕೆಯ ಹೆಸರಿನ ಮುಂದೆ 'ತಬ್ಯೇತು ಚೆನ್ನಾಗಿದೆ' ಎಂದು ಬರೆದುಕೊಂಡರು.

ಅರ್ಜಿಗಳ ಗಂಟು ಕೊಡಲು ಅಕ್ಕಲಕೋಟದ ಕಚೇರಿಗೆ ನಾನೂ ಸೊಲ್ಲಾಪುರದಿಂದ ಬಂದು ಜೊತೆಗೆ ಹೋದೆ. ಅಲ್ಲಿನ ಮ್ಯಾಡಮ್ ಒಂದೊಂದೇ ಹೆಸರಿಗೆ ಗುರುತು ಹಾಕುತ್ತ ಬಂದವರು ನಮ್ಮ ಕಾಕಾನ ಮನೆಯ ನಂಬರಿಗೆ ಬಂದು ನಿಂತರು. ನಿಮ್ಮ ನೋಟ್‌ಬುಕ್ಕಿನಲ್ಲಿ ಈ ಮನೆಗೆ ಇಬ್ಬರೇ, ಯಾದಿಯಲ್ಲಿ ಇನ್ನೊಂದು ಹೆಸರು ಉಳಿದಿದೆಯಲ್ಲ, ಈಕೆ ಯಾರು, ಗಂಡನ ಮನೆಗೆ ಹೋದಳೇ ಎಂದು ಮರಾಠಿಯಲ್ಲಿ ಕೇಳಿದರು.

ಕಾಕಾ ನೋಟ್‌ಬುಕ್ಕು ಮುಚ್ಚಿದರು. ನನ್ನ ನಗುವೂ ನಿಂತಿತು. ಅದು ನಮ್ಮ ಅಕ್ಕನ ಹೆಸರು, ಕಾಕಾನ ಒಬ್ಬಳೇ ಮಗಳದು. ಆರು ವರ್ಷದ ಹಿಂದೆ ಕುಡಿದ ಗಂಡನ ಬೈಕಿನ ಹಿಂದೆ ಕೂತು ಸೊಲ್ಲಾಪುರಕ್ಕೆ ಹೊರಟಿದ್ದಳು. ಅವನು ಉಳಿದ, ಅಕ್ಕ ಉಳಿಯಲಿಲ್ಲ. ಅವಳ ಹೆಸರು ಮಾತ್ರ ತವರಿನ ಯಾದಿಯಲ್ಲಿ ಉಳಿದಿತ್ತು. ಪ್ರತಿ ಚುನಾವಣೆಗೂ ಅವಳ ಹೆಸರಿನ ಚೀಟಿ ಬರುತ್ತಿತ್ತು. ಇಡೀ ಊರಿನ ಸತ್ತವರನ್ನು ಹುಡುಕಿ ತೆಗೆದ ಮನುಷ್ಯ ತನ್ನ ಮನೆಯ ಒಂದು ಹೆಸರನ್ನು ದಾಟಿ ಬಂದಿದ್ದರು.

"ಅಕಿ ನಿಂತ ಬಾಟಲಿ ಕಡಿ ಇರಬಾರದು," ಎಂದರು ಕಾಕಾ, ಯಾರಿಗೋ ಹೇಳಿದಂತೆ. ಪೆನ್ನು ಕೇಳಿ ತೆಗೆದುಕೊಂಡು, ಅರ್ಜಿ ತುಂಬಿ, ಕಾರಣದ ಜಾಗದಲ್ಲಿ 'ಮೃತ' ಎಂದು ಬರೆದರು. ಎರಡಕ್ಷರ ಬರೆಯುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು. ನನಗೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು ಅತ್ತೆ.

ಬಾಟಲಿ ಬಿತ್ತೇ ಎಂದು ಕೇಳುತ್ತೀರಿ. ಬಿತ್ತು, ಊರಿನ ಹೆಂಗಸರು ಮಲಗಿಸಿಯೇ ಬಿಟ್ಟರು. ಈಗ ಆ ಅಂಗಡಿಗೆ ಬೀಗ ಬಿದ್ದಿದೆ. ಆದರೆ ನನಗೆ ನೆನಪಾಗುವುದು ಓಟಿಗೆ ಎರಡು ದಿನ ಮೊದಲು ನಾನು ಅಲ್ಲಿದ್ದ ಬೆಳಗು. ಹೆಂಗಸರಿಗಷ್ಟೇ ಓಟು, ಹಾಗಾಗಿ ಚೀಟಿ ಹಂಚುವವನು ಕಾಕುವಿನ ಒಂದೇ ಚೀಟಿ ಕೊಟ್ಟು ಮುಂದಿನ ಮನೆಗೆ ಹೋದ. ಕಾಕಾ ಚೀಟಿಯನ್ನು ಕಿಸೆಗೆ ಹಾಕಿಕೊಂಡು ಮತ್ತೆ ಕೈ ಚಾಚಿದರು, ಚಾಚಿದವರು ಹಾಗೆಯೇ ನಿಂತರು. ಕಾಕು ಒಳಗಿನಿಂದ ಬಂದು ಆ ಕೈಯನ್ನು ಹಿಡಿದುಕೊಂಡರು.

"ಇಷ್ಟ ಅದ ಬರ್ರಿ," ಎಂದರು, "ಒಳಗ ಬರ್ರಿ."